ನಾರಾಯಣಖೇಡದ ಪಿಕಪ್ಪಿಗೆ ನಾನು ಕೊಟ್ಟ ತೀರ್ಪು

ಹಳೇ ಗಾಡಿಯ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು ಎಂದು ಜಹೀರಾಬಾದಿನಲ್ಲಿ ಆಗ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರಲ್ಲಿ ನಾನೂ ಒಬ್ಬ. ಹೆದ್ದಾರಿಯ ಪಕ್ಕದ ನನ್ನ ವರ್ಕ್‌ಶಾಪಿಗೆ ಯಾರಾದರೂ ಗಾಡಿ ತಂದು ನಿಲ್ಲಿಸಿದರೆ, ಅವರು ಬಾಯಿ ತೆರೆಯುವ ಮೊದಲೇ ರೋಗ ಹೇಳಿಬಿಡುವುದು ನನ್ನ ಚಟ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೂ ಇರುತ್ತಿತ್ತು. ಹತ್ತನೆಯದರ ಕಥೆ ಇದು.

ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷಗಳವು. ಇವತ್ತು ಬಂದ್, ನಾಳೆ ರಾಸ್ತಾ ರೋಕೋ, ನಾಡಿದ್ದು ಬಸ್ಸಿಲ್ಲ. ಅಂಥದೊಂದು ಬಂದಿನ ದಿನ ಅರ್ಧ ಶಟರ್ ಇಳಿಸಿಕೊಂಡು ಒಂದು ಗೇರ್‌ಬಾಕ್ಸ್ ಬಿಚ್ಚುತ್ತಿದ್ದೆ. ಹೊರಗೆ ಮೋಟರ್‌ಸೈಕಲ್ ನಿಂತ ಸದ್ದಾಯಿತು. ಹೆಲ್ಮೆಟ್ ತೆಗೆದಾಗ ನೋಡಿದರೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತಾಂಡೂರಿನಿಂದ ಒಬ್ಬಳೇ ಬಂದಿದ್ದಳು. ಅವಳ ತಂದೆಗೆ ಅಲ್ಲಿ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇತ್ತು.

"ಅಣ್ಣಾ, ನನ್ನ ಕಾರ್ ಎಳ್ಕೊಂಡು ಹೋಗಾಕ ಒಂದು ಹಳೇ ಪಿಕಪ್ ಆರಿಸಿ ಕೊಡ್ರಿ," ಎಂದಳು.

"ಕಾರ್ ಕೆಟ್ಟು ನಿಂತದೇನವಾ?"

"ಕೆಟ್ಟಿಲ್ರಿ. ರೇಸಿನ ಕಾರದು. ರೋಡಿನ ಮ್ಯಾಲ ಓಡ್ಸಾಂಗಿಲ್ಲ."

ನಾನು ನಕ್ಕುಬಿಟ್ಟೆ. ಅವಳಿಗೆ ಸಿಟ್ಟು ಬರಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಲು ಕೈ ಮುಂದೆ ಮಾಡಿದಳು. ಅವಳ ಉಗುರಿನ ಸಂದಿಯಲ್ಲಿ ನನ್ನ ಉಗುರಿನಲ್ಲಿದ್ದಷ್ಟೇ ಗ್ರೀಸ್ ಇತ್ತು. ಅದನ್ನು ನೋಡಿದ ಮೇಲೆ ನನ್ನ ನಗು ಇಳಿಯಿತು.

ಕಾರು ಒಬ್ಬರೇ ಕೂರುವ ಹಳೇ ಕಾಲದ್ದು. ಚಕ್ರಗಳೆಲ್ಲ ಬಯಲಿಗೆ, ಎಂಜಿನ್ ಡ್ರೈವರಿನ ಬೆನ್ನ ಹಿಂದೆ. ಅವಳ ತಂದೆ ಎಂದೋ ಅದನ್ನು ಬಿಡಿಬಿಡಿ ತುಂಡುಗಳಾಗಿ ಕೊಂಡು ತಂದು ಕಾರ್ಖಾನೆಯ ಮೂಲೆಗೆ ಹಾಕಿದ್ದರಂತೆ. ಎರಡು ವರ್ಷ ಕೂತು ಜೋಡಿಸಿದವಳು ಇವಳು. ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಹಳೇ ಕಾರುಗಳದ್ದೇ ಒಂದು ರೇಸು, ಇನ್ನು ನಾಲ್ಕು ವಾರಕ್ಕೆ. ಹೈದರಾಬಾದಿನ ಹಳೇ ಗಾಡಿಗಳ ಕ್ಲಬ್ಬೊಂದು ಅವಳನ್ನು ಕಳಿಸಲು ಒಪ್ಪಿತ್ತು. ಆದರೆ ಅವರದ್ದೊಂದು ಷರತ್ತು: ಕಾರನ್ನು ಎಳೆದು ತರುವ ಗಾಡಿಯೂ ಕಾರಿನ ಕಾಲದ್ದೇ ಆಗಿರಬೇಕು, ಎರಡನ್ನೂ ಒಟ್ಟಿಗೆ ನಿಲ್ಲಿಸಿ ಜನರಿಗೆ ತೋರಿಸಬೇಕು. ಗಾಡಿಯಿಲ್ಲದಿದ್ದರೆ ಇವಳ ಹೆಸರಿಲ್ಲ.

"ಗೆದ್ದು ಬರ್ತೀನಿ ಅಂತ ನಾ ಹೇಳಂಗಿಲ್ಲ. ಹೋಗಿ ನಿಲ್ಲಬೇಕ್ರಿ ಅಣ್ಣಾ, ಅಷ್ಟೇ," ಎಂದಳು.

ಬೆಲೆ ಕುದುರಿಸುವವರು, ಕಣ್ಣೀರು ಹಾಕುವವರು ನನ್ನ ವರ್ಕ್‌ಶಾಪಿಗೆ ದಿನಾ ಬರುತ್ತಾರೆ. ಇಷ್ಟು ಅಳತೆಯಾಗಿ ಮಾತಾಡಿದವರು ಕಡಿಮೆ. ಕೈಯಲ್ಲಿದ್ದ ಗೇರ್‌ಬಾಕ್ಸನ್ನು ಬದಿಗಿಟ್ಟೆ.

ಎಳೆಯುವ ಗಾಡಿ ಎಂದರೆ ಎಲ್ಲರೂ ಎಂಜಿನ್ನಿನ ಜೋರು ಕೇಳುತ್ತಾರೆ. ಜೋರು ಅಷ್ಟೇನೂ ಬೇಡ. ಹಿಂದೆ ಕಟ್ಟಿದ ಭಾರ ಇಳಿಜಾರಿನಲ್ಲಿ ತಳ್ಳಿಕೊಂಡು ಬರುವಾಗ ಗಾಡಿ ಸೊಂಟ ಗಟ್ಟಿಯಾಗಿ ಹಿಡಿದು ನಿಲ್ಲಬೇಕು. ಅದಕ್ಕೆ ಚಾಸಿ ನೆಟ್ಟಗಿರಬೇಕು, ಹಿಂದೆ ಭಾರ ಹೊರುವ ಕಮಾನ್ ಪಟ್ಟಿಗಳು ಜೀವಂತ ಇರಬೇಕು, ನಾಲ್ಕೂ ಡ್ರಮ್ಮಿನಲ್ಲಿ ಬ್ರೇಕು ಸಮನಾಗಿ ಹಿಡಿಯಬೇಕು, ಮುಂದಿನ ಚಕ್ರ ಹೊರಳಿಸುವ ಕಿಂಗ್‌ಪಿನ್ನಿನಲ್ಲಿ ಸಡಿಲು ಇರಬಾರದು. ಇದನ್ನೆಲ್ಲ ಅವಳಿಗೆ ಪಾಠ ಹೇಳುವ ಧಾಟಿಯಲ್ಲಿ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, "ಟ್ರೇಲರ್ ತಯಾರದ ಅಣ್ಣಾ, ಟ್ರ್ಯಾಕ್ಟರ್ ಟ್ರಾಲಿ ಮಾಡವ್ರ ಹತ್ರ ಮಾಡ್ಸೀನಿ, ಎರಡು ಗಾಲಿದು," ಎಂದಳು.

ಮೊದಲ ಗಾಡಿ ನಮ್ಮ ಜಹೀರಾಬಾದಿನಲ್ಲೇ ಇತ್ತು. ಮಿಲಿಟರಿ ಹರಾಜಿನಲ್ಲಿ ಬಂದ ಒನ್ ಟನ್ ಟ್ರಕ್ಕು. ಹಸಿರು ಬಣ್ಣ ಹೊಸದಾಗಿ ಬಳಿದು ಮದುಮಗನಂತೆ ನಿಲ್ಲಿಸಿದ್ದರು. ನಟ್ಟು ಬಿಚ್ಚುವ ಪಾನಾದಿಂದ ಚಾಸಿಯ ಉದ್ದಕ್ಕೂ ಬಡಿಯುತ್ತ ಹೋದೆ. ಎಲ್ಲ ಕಡೆ ಟಣ್ ಎಂದದ್ದು ಹಿಂದಿನ ಚಕ್ರದ ಮೇಲೆ ಬಂದಾಗ ಡಬ್ ಎಂದಿತು. ಬಣ್ಣ ಕೆರೆದರೆ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬಿರುಕು. ಮೇಲೆ ಥಳಕು, ಒಳಗೆ ಹುಳುಕು. ಮಾಲೀಕನಿಗೆ ಕೈಮುಗಿದು ಬಂದೆವು.

ಎರಡನೆಯದು ತಾಂಡೂರಿನ ಕಲ್ಲಿನ ಗಣಿಯೊಂದರಲ್ಲಿ. ಮೂತಿ ಚಂದವಿತ್ತು, ಚಾಸಿಯೂ ಗಟ್ಟಿ. ಬಾನೆಟ್ ಎತ್ತಿದರೆ ಒಳಗೆ ಟ್ರ್ಯಾಕ್ಟರಿನ ಎಂಜಿನ್ ಕೂತಿದೆ! ಮಾಲೀಕ ಎದೆಯುಬ್ಬಿಸಿ, "ಗುಡ್ಡಾನೇ ಎಳೀತದ್ರಿ," ಎಂದ. "ಎಳೀತದ ಖರೇ, ಚೆನ್ನೈ ಮುಟ್ಟೋದ್ರಾಗ ಇನ್ನೊಂದು ಎಲೆಕ್ಷನ್ ಬರ್ತದ," ಎಂದೆ. ಆತ ಚಹಾ ತರಿಸುವುದನ್ನು ಅಲ್ಲಿಗೇ ನಿಲ್ಲಿಸಿದ.

ಹೀಗೆ ಹತ್ತು ದಿನ ಕಳೆದವು. ಮೂರನೆಯ ಗಾಡಿಯ ಸುದ್ದಿ ಕೊಟ್ಟವನು ಬೇಳೆ ಸಾಗಿಸುವ ಲಾರಿಯವನು. ನಾರಾಯಣಖೇಡದಲ್ಲಿ ಒಬ್ಬ ಹಿರಿಯ ಡ್ರೈವರ್ ಇದ್ದಾರೆ, ಅವರ ಗಾಡಿ ಒಮ್ಮೆ ನೋಡಿ ಎಂದ.

ಅವರು ಸರ್ಕಾರಿ ಇಲಾಖೆಯೊಂದರಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಕೊನೆಯವರೆಗೂ ತಾವು ನಡೆಸಿದ ಪಿಕಪ್ಪನ್ನು ಇಲಾಖೆ ಹರಾಜಿಗೆ ಇಟ್ಟಾಗ ತಾವೇ ಕೊಂಡು ಮನೆಗೆ ತಂದಿದ್ದರು. ನಿವೃತ್ತಿಯ ಮೇಲೆ ಪಸ್ತಾಪುರದ ಕಡೆಯ ಹೆಂಗಸರ ಸಂಘಗಳ ಸಾವೆ, ನವಣೆಯ ಬೀಜದ ಚೀಲಗಳನ್ನು ಅದರಲ್ಲಿ ಊರೂರಿಗೆ ಮುಟ್ಟಿಸುತ್ತಿದ್ದರಂತೆ. ಮಾರುಕಟ್ಟೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಗಾಡಿ ನಿಂತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಷ್ಟು ಬುದ್ಧನ ಮೂರ್ತಿ. ನಾನು ಬಾನೆಟ್ಟಿಗೆ ಕೈ ಹಾಕಲು ಹೋದೆ. ಅವರು ಒಂದು ಒಗೆದ ಬಟ್ಟೆ ಮುಂದೆ ಹಿಡಿದು, "ಮೊದಲ ಕೈ ಒರಸ್ಕೋರಿ ಮಿಸ್ತ್ರಿ," ಎಂದರು.

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಗಾಡಿ ನಾನು ನೋಡಿರಲಿಲ್ಲ. ಹೊಸದಾಗಿತ್ತು ಎಂದಲ್ಲ. ಬಣ್ಣ ಬೆಳ್ಳಗಾಗಿತ್ತು, ಸೀಟಿಗೆ ತೇಪೆ ಇತ್ತು. ಆದರೆ ಮುಟ್ಟಿದ ಪ್ರತಿ ನಟ್ಟೂ ಇಷ್ಟೇ ಬಿಗಿಯಾಗಿರಬೇಕು ಎಂದು ಯಾರೋ ಯೋಚಿಸಿ ಬಿಗಿದಂತಿತ್ತು. ಪ್ಲಗ್ ಬಿಚ್ಚಿದೆ, ನಾಲ್ಕೂ ಒಂದೇ ಇಟ್ಟಿಗೆ ಬಣ್ಣ, ಎಂಜಿನ್ ಸರಿಯಾಗಿ ಉರಿಯುತ್ತಿದೆ ಎಂಬ ಗುರುತು. ಮುಂದಿನ ಚಕ್ರ ಜಾಕ್ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಕಿಂಗ್‌ಪಿನ್ನಿನಲ್ಲಿ ಕೂದಲೆಳೆಯ ಸಡಿಲಿಲ್ಲ. ಡ್ರಮ್ ತೆಗೆದರೆ ಲೈನರ್ ಅಂಚಿನಿಂದ ಅಂಚಿಗೆ ಸಮ ಸವೆದಿತ್ತು. ಚಾಸಿಗೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದೆ, ಎರಡೂ ಕಡೆ ಒಂದೇ ಉದ್ದ. ಹಿಂದೆ ಎಳೆಯುವ ಹುಕ್ ಇಲಾಖೆಯ ಕಾಲದ್ದೇ, ನೀರಿನ ಟ್ಯಾಂಕರ್ ಎಳೆದ ಹುಕ್. ಎಷ್ಟು ಹುಡುಕಿದರೂ ತಪ್ಪು ಸಿಗದೆ ನನಗೆ ಒಳಗೊಳಗೇ ಕಸಿವಿಸಿ. ತಪ್ಪು ಹುಡುಕಿ ಅಭ್ಯಾಸವಾದವನಿಗೆ ಸರಿಯಿರುವುದನ್ನು ಒಪ್ಪುವುದು ಕಷ್ಟದ ಕೆಲಸ.

"ಇಂಥಾ ಗಾಡಿ ಯಾಕ ಕೊಡ್ತೀರಿ ಮಾಮಾ?" ಎಂದು ಕೇಳಿದೆ.

"ಒಂದು ಕಣ್ಣು ಆಪರೇಶನ್ ಆಗ್ಯಾದ್ರಿ. ದೂರ ನಡಸಬ್ಯಾಡ ಅಂದಾರ. ಮಗಳು ದವಾಖಾನಿನಾಗ ನರ್ಸ್ ಅದಾಳ, ಆಕಿಗಿ ಸ್ಕೂಟಿ ಸಾಕು. ಈ ಶೆಡ್ ತೆಗೆದು ಎರಡು ಖೋಲಿ ಕಟ್ಟಬೇಕಂತಾಳ, ಖರೇ ಅದ, ಕಟ್ಟಲಿ." ಹುಕ್ಕಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದರು. "ನಡಸವ್ರ ಕೈಗಿ ಹೋಗೋದಾದ್ರ ಕೊಡ್ತೀನ್ರಿ. ಇಲ್ಲಾಂದ್ರ ಶುಕ್ರವಾರ ಗುಜರಿಯವ ಬರ್ತಾನ. ಕಡದು ಒಯ್ತಾನ."

ರೇಸಿನ ಹೆಣ್ಣುಮಗಳು ಮೆಲ್ಲಗೆ, "ಕಾಕಾ, ನಾನೇ ನಡಸ್ತೀನ್ರಿ," ಎಂದಳು. ಅವರು ಅವಳ ಕೈ ನೋಡಿದರು. ಆ ಉಗುರುಗಳು ಅವರಿಗೂ ಕಂಡಿರಬೇಕು.

ಅದು ಸೋಮವಾರ. ಶುಕ್ರವಾರದೊಳಗೆ ನಾನು ಹೌದು ಅಥವಾ ಇಲ್ಲ ಎನ್ನಬೇಕಿತ್ತು.

ಮಂಗಳವಾರ ಗಾಡಿಯನ್ನು ತಾಂಡೂರಿಗೆ ತಂದೆವು. ಕಾರನ್ನೇ ಹೇರಿ ಪರೀಕ್ಷೆ ಮಾಡುವುದು ಬೇಡ, ಮೊದಲು ಅಷ್ಟೇ ತೂಕದ ಕಲ್ಲು ಹೇರಿ ನೋಡೋಣ, ಏನಾದರೂ ಆದರೆ ಕಲ್ಲು ತಾನೆ ಎಂದು ಹೇಳಿದವನು ನಾನೇ. ತಾಂಡೂರಿನಲ್ಲಿ ಕಲ್ಲಿಗೇನು ಬರ? ಅವಳ ತಂದೆಯ ಕಾರ್ಖಾನೆಯ ಹಮಾಲರು ಗಳಿಗೆಯಲ್ಲಿ ಫರ್ಸಿ ಹೇರಿದರು. ಲಾರಿ ತೂಗುವ ಕಾಂಟಾದ ಮೇಲೆ ತೂಗಿಸಿದೆ. ಕಾರು, ಅದರ ಟೈರುಗಳ ಪೆಟ್ಟಿಗೆ, ಜಾಕು, ಸಾಮಾನು ಎಲ್ಲ ಸೇರಿ ಎಷ್ಟೋ ಅಷ್ಟೇ ಇತ್ತು. ಮಾಮಾ ಸ್ಟೇರಿಂಗ್ ಹಿಡಿದರು. ಏರು, ಇಳಿಜಾರು, ತಿರುವು, ಎಪ್ಪತ್ತರ ವೇಗ. ಟ್ರೇಲರ್ ಹಿಂದೆ ಇದೆಯೋ ಇಲ್ಲವೋ ಎಂದು ನಾನು ಎರಡು ಸಲ ತಿರುಗಿ ನೋಡಿದೆ. ಅಷ್ಟು ನೆಟ್ಟಗೆ ಬರುತ್ತಿತ್ತು. ಆ ಮುದುಕರ ಕಾಲು ಬ್ರೇಕಿನ ಮೇಲೆ ಬೀಳುವ ರೀತಿ ನೋಡಿಯೇ ಖುಷಿಪಡಬೇಕು. ಒತ್ತುತ್ತಿರಲಿಲ್ಲ, ಇಡುತ್ತಿದ್ದರು.

ಗುರುವಾರ ನಿಜವಾದ ಪರೀಕ್ಷೆ. ನಾನು ಹೇಳಿದಂತೆ ಕಾರನ್ನು ಮುಖ ಮುಂದಾಗಿ ಟ್ರೇಲರಿನ ಮೇಲೇರಿಸಿಕೊಂಡು ತಾಂಡೂರಿನಿಂದ ನನ್ನ ವರ್ಕ್‌ಶಾಪಿನವರೆಗೆ ಮಾಮಾ ಮೆಲ್ಲಗೆ ತಂದು ಮುಟ್ಟಿಸಿದರು. ದಾರಿಯ ತುಂಬ ಗುಂಡಿ, ಮೂವತ್ತರ ಮೇಲೆ ಹೋಗುವಂತಿರಲಿಲ್ಲ. ಅಲ್ಲಿಂದ ಮುಂದೆ ಝರಾಸಂಗಂ ಕಡೆಯ ರಸ್ತೆಯಲ್ಲಿ ನಾನೇ ನಡೆಸಿ ನೋಡುತ್ತೇನೆಂದು ಸ್ಟೇರಿಂಗ್ ತೆಗೆದುಕೊಂಡೆ. ನಡುವೆ ಅವಳು, ಆ ಕಡೆ ಕಿಟಕಿಗೆ ಮಾಮಾ.

ಊರು ದಾಟಿ ರಸ್ತೆ ಖಾಲಿಯಾದ ಮೇಲೆ ಐವತ್ತು ದಾಟಿಸಿದೆ. ಸಣ್ಣ ಇಳಿಜಾರು ಬಂತು. ಅರವತ್ತು ಮುಟ್ಟುವಷ್ಟರಲ್ಲಿ ಹಿಂದಿನಿಂದ ಯಾರೋ ಗಾಡಿಯ ಬಾಲ ಹಿಡಿದು ಎಡಕ್ಕೆ ಎಳೆದಂತಾಯಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜೋರಾಗಿ. ಕನ್ನಡಿಯಲ್ಲಿ ಟ್ರೇಲರ್ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಬೀಸುತ್ತಿತ್ತು. ನನ್ನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ತುಳಿದ ಕೂಡಲೇ ಬೀಸು ದುಪ್ಪಟ್ಟಾಯಿತು. ಅವಳು ಡ್ಯಾಶ್‌ಬೋರ್ಡ್ ಹಿಡಿದುಕೊಂಡಳು. ಎರಡು ವರ್ಷದ ಕೆಲಸ ಹಿಂದೆ ತೂಗಾಡುತ್ತಿತ್ತು.

"ಬ್ರೇಕ್ ಬಿಡ್ರಿ ಮಿಸ್ತ್ರಿ. ಸ್ಟೇರಿಂಗ್ ಸೀದಾ ಹಿಡೀರಿ. ಸುಮ್ಕ ಕೂಡ್ರಿ, ತಾನೇ ನಿಲ್ತದ," ಎಂದರು ಮಾಮಾ, ಪಕ್ಕದ ಮನೆಯವರಿಗೆ ದಾರಿ ಹೇಳುವ ದನಿಯಲ್ಲಿ.

ಬಿಟ್ಟೆ. ವೇಗ ಇಳಿದಂತೆ ತೂಗಾಟವೂ ಇಳಿಯಿತು. ಗಾಡಿ ಬದಿಗೆ ನಿಲ್ಲಿಸಿದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ಹೆದರಿದ ಗಂಡಸು ಮಾಡುವ ಮೊದಲ ಕೆಲಸ ಕೂಗಾಡುವುದು. ಕೆಳಗಿಳಿದು ಹಿಂದಿನ ಕಮಾನ್ ಪಟ್ಟಿಗೆ ಎರಡು ಸಲ ಒದ್ದೆ.

"ಪಟ್ಟಿ ಹಿಡಿಯೋ ರಬ್ಬರ್ ಬುಷ್ ಸತ್ತಾವ! ಹಿಂದಿನ ಅಕ್ಸೆಲ್ ಕೂತಲ್ಲಿ ಕೂಡವಲ್ದು. ಮಾಮಾ, ನಿಮಗ ಗೊತ್ತಿತ್ತು. ಅದಕ್ಕಽ ಮಂಗಳವಾರ ಸ್ಟೇರಿಂಗ್ ನನ್ನ ಕೈಗಿ ಕೊಡಲಿಲ್ಲ ನೀವು. ಮುಚ್ಚಿಟ್ಟು ನಡಸಿ ತೋರಿಸಿದ್ರಿ."

ಅವರು ನನ್ನನ್ನೇ ನೋಡಿದರು. ತುಟಿ ಒಮ್ಮೆ ಅಲುಗಿತು.

ಅಲ್ಲೇ ತಿರುಗಿಸೋಣವೆಂದರೆ ರಸ್ತೆ ಕಿರಿದು, ಎರಡೂ ಬದಿ ಮಳೆಗೆ ನೆಂದ ಹೊಲ. ಮುಂದೆ ಅಗಲ ಸಿಗಬಹುದೆಂದು ಎತ್ತಿನಗಾಡಿಯ ವೇಗದಲ್ಲಿ ಹೊರಟೆ. ಎರಡು ಮೈಲಿ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡ ಹಗ್ಗ, ಹಗ್ಗದ ಆಚೆ ಕಲ್ಲಿನ ಒಲೆಗಳು, ಒಲೆಯ ಮೇಲೆ ದೊಡ್ಡ ಹಂಡೆ, ಸುತ್ತ ನೂರು ಜನ. ಚಳವಳಿಯವರು ಆಗ ರಸ್ತೆಯ ಮೇಲೇ ಅಡುಗೆ ಮಾಡಿ ಅಲ್ಲೇ ಉಣ್ಣುತ್ತಿದ್ದರು, ರಸ್ತೆ ಬಂದ್ ಮಾಡುವ ಒಂದು ರೀತಿ ಅದು. ಸಾಯಂಕಾಲದವರೆಗೆ ಬಿಡುವುದಿಲ್ಲ ಎಂದರು. ರೇಸಿನ ಕಾರು ನೋಡಿ ಮಾತ್ರ ಎಲ್ಲರೂ ಎದ್ದು ಬಂದರು.

"ಇದೇನ್ರಿ, ವಿಮಾನಾನಾ? ಪಂಖ ಎಲ್ಲಿ ಹೋದವು?" ಎಂದಳು ರೊಟ್ಟಿ ಬಡಿಯುತ್ತಿದ್ದ ಮುದುಕಿ.

"ಇನ್ನಾ ಹಚ್ಚಬೇಕಜ್ಜೀ," ಎಂದಳು ರೇಸಿನ ಹೆಣ್ಣುಮಗಳು. ಆ ಹೊತ್ತಿನಲ್ಲೂ ಅವಳಿಗೆ ನಗೆ ಬಂದದ್ದು ದೊಡ್ಡ ಮಾತು.

ನನ್ನ ತಲೆ ಇನ್ನೂ ಕಾದಿತ್ತು. ಅಲ್ಲೇ ನಿಂತು, ಎಲ್ಲರ ಮುಂದೆ, ಗುಜರಿಯವನಿಗೆ ಫೋನ್ ಹಚ್ಚಿದೆ. "ನಾಳೆ ನಾರಾಯಣಖೇಡಕ್ಕ ಯಾಕ ಹೋಗ್ತಿ? ಇವತ್ತೇ ನನ್ನ ವರ್ಕ್‌ಶಾಪಿಗಿ ಬಾ. ಗಾಡಿ ಇಲ್ಲೇ ಅದ. ಎಳ್ಯಾಕ ಬರಂಗಿಲ್ಲ ಅದು, ನಾ ನೋಡೀನಿ," ಎಂದೆ. ಮಾಮಾ ಎರಡು ಮಾರು ದೂರದಲ್ಲಿ ನಿಂತಿದ್ದರು. ಕೇಳಿಸಿತು. "ಆತು ಬಿಡ್ರಿ," ಎಂದಷ್ಟೇ ಹೇಳಿ ಗಾಡಿಯ ನೆರಳಿಗೆ ಹೋಗಿ ಕೂತರು. ಆ ಎರಡು ಶಬ್ದ ಈಗಲೂ ನೆನಪಾದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಇನ್ನು ಹಿಂದಿರುಗಬೇಕಿತ್ತು. ಟ್ರೇಲರನ್ನು ಬಿಡಿಸಿ ಕೈಯಿಂದಲೇ ತಿರುಗಿಸೋಣವೆಂದು ಹುಕ್ಕಿನ ಪಿನ್ ಎಳೆದೆ. ಎಳೆದ ಕೂಡಲೇ ಟ್ರೇಲರಿನ ಮೂತಿ ತಾನಾಗಿ ಮೇಲಕ್ಕೆ ಚಿಮ್ಮಿ ನನ್ನ ಗದ್ದಕ್ಕೆ ತಾಗಿತು. ಜನ ನಕ್ಕರು. ರಸ್ತೆ ಏರುತಗ್ಗು ಎಂದು ಬೈದುಕೊಂಡೆ. ಭಾರ ಇಟ್ಟುಕೊಂಡು ತಿರುಗಿಸಲು ಆಗದು ಎಂದು ಕಾರನ್ನು ಹಿಂದಕ್ಕೆ ಉರುಳಿಸಿ ಕೆಳಗಿಳಿಸಿದೆವು. ಗಾಡಿಯನ್ನು ತಿರುಗಿಸಿ, ಕಾರಿನ ಪಕ್ಕದಿಂದ ಆಚೆ ದಾಟಿಸಿ ನಿಲ್ಲಿಸಿದೆವು. ಖಾಲಿ ಟ್ರೇಲರನ್ನು ಚಳವಳಿಯ ಹತ್ತು ಜನ ಆಟಿಕೆಯಂತೆ ತಿರುಗಿಸಿ ಹುಕ್ಕಿಗೆ ಕೂರಿಸಿದರು. ಉಳಿದದ್ದು ಕಾರು. ಅದರ ಮುಖ ಇನ್ನೂ ಝರಾಸಂಗಂ ಕಡೆಗೇ ಇತ್ತು. ರೇಸಿನ ಕಾರಿನ ಚಕ್ರ ನಮ್ಮ ಜೀಪಿನಂತೆ ಪೂರ್ತಿ ಹೊರಳುವುದಿಲ್ಲ, ಆ ಕಿರಿದಾದ ರಸ್ತೆಯಲ್ಲಿ ಅದನ್ನು ತಿರುಗಿಸುವ ಮಾತೇ ಇಲ್ಲ. ಎತ್ತಿ ಇಟ್ಟುಬಿಡುತ್ತೇವೆ ಎಂದರು ಜನ. ಫೈಬರ್ ಮೈ ಬಿರುಕು ಬಿಡುತ್ತದೆ ಎಂದು ಅವಳು ಬೇಡವೆಂದಳು. ಹೇಗಿದೆಯೋ ಹಾಗೇ ಹಿಂದಕ್ಕೆ ತಳ್ಳಿ, ಬಾಲ ಮುಂದಾಗಿ ಟ್ರೇಲರಿಗೆ ಹತ್ತಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಹಗ್ಗ ಬಿಗಿದೆವು. ಹೊರಡುವ ಮುನ್ನ ಆ ಮುದುಕಿ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಮಾಮಾ ಕೂಡ ತಿಂದರು. ನಾನು ಹಗ್ಗ ಬಿಗಿಯುವ ನೆಪ ಮಾಡಿಕೊಂಡು ದೂರ ನಿಂತೆ.

ವಾಪಸ್ ಬರುವಾಗಲೂ ನಾನೇ ನಡೆಸಿದೆ. ಮೂವತ್ತರಲ್ಲಿ ಹೊರಟವನು ಯೋಚನೆಯಲ್ಲಿ ಮೈಮರೆತು ಐವತ್ತಕ್ಕೆ ಬಂದಿದ್ದೆ. ಟ್ರೇಲರ್ ಅಲುಗಲಿಲ್ಲ.

"ಅಣ್ಣಾ, ಈಗ ಯಾಕ ಅಲುಗವಲ್ದು?" ಎಂದಳು ಅವಳು.

"ಇದು ಏರು. ಅದಕ್ಕ," ಎಂದೆ. ಅದು ಏರಾಗಿರಲಿಲ್ಲ. ಸಪಾಟು ರಸ್ತೆಯಾಗಿತ್ತು. ಅವಳು ತಿರುಗಿ ಟ್ರೇಲರ್ ನೋಡಿದಳು.

ಮುಂದೆ ಒಂದು ಹಳ್ಳದ ಕಡೆಗೆ ಇಳಿಜಾರು ಬಂತು, ಹೋಗುವಾಗ ಕಂಡದ್ದಕ್ಕಿಂತ ಉದ್ದದ್ದು. ಬೇಕೆಂದೇ ಅರವತ್ತಕ್ಕೆ ಒಯ್ದೆ. ಅರವತ್ತೈದು. ಗಾಡಿ ಹಳಿಯ ಮೇಲೆ ಹೋದಂತೆ ಹೋಯಿತು. ಅದೇ ಬುಷ್ಷು, ಅದೇ ಅಕ್ಸೆಲ್ಲು, ಅದೇ ಸತ್ತಿವೆ ಎಂದು ನಾನು ಕೂಗಾಡಿದ ಕಮಾನ್ ಪಟ್ಟಿ. ನಿಲ್ಲಿಸಿ ಕೆಳಗಿಳಿದೆ. ಪಿನ್ ಎಳೆದು ಟ್ರೇಲರಿನ ಮೂತಿಗೆ ಎರಡೂ ಕೈ ಕೊಟ್ಟು ಎತ್ತಿದೆ. ಏಳಲಿಲ್ಲ. ಗಂಟೆಯ ಹಿಂದೆ ತಾನಾಗಿ ಚಿಮ್ಮಿ ನನ್ನ ಗದ್ದಕ್ಕೆ ಬಡಿದ ಮೂತಿ ಅದು.

ಆಗ ತಿಳಿಯಿತು. ಕಾರಿನ ಎಂಜಿನ್ ಹಿಂದೆ. ಮುಖ ಮುಂದೆ ಮಾಡಿ ಹೇರಿದರೆ ಭಾರವೆಲ್ಲ ಟ್ರೇಲರಿನ ಬಾಲಕ್ಕೆ, ಅದರ ಜೊತೆಗೆ ಟೈರಿನ ಪೆಟ್ಟಿಗೆಯೂ ಅಲ್ಲೇ. ಬಾಲ ಕುಸಿದು ಮೂತಿ ಮೇಲೆದ್ದು, ಹುಕ್ಕಿನ ಮೂಲಕ ಗಾಡಿಯ ಹಿಂಭಾಗವನ್ನೇ ಎತ್ತುತ್ತದೆ. ಎತ್ತಿದ ಮೇಲೆ ಗಾಡಿ ಯಾವುದಾದರೇನು, ತೂಗಾಡಲೇಬೇಕು. ಜನ ಕಾರನ್ನು ಹಿಂದುಮುಂದಾಗಿ ಹತ್ತಿಸಿದಾಗ ಎಂಜಿನ್ ಮುಂದಕ್ಕೆ ಬಂತು, ಭಾರ ಹುಕ್ಕಿನ ಮೇಲೆ ಕೂತಿತು, ಎಲ್ಲ ಸರಿಹೋಯಿತು. ಹಾಗಾದರೆ ಮಂಗಳವಾರ ಕಲ್ಲು ಹೇರಿದಾಗ ಯಾಕೆ ತೂಗಾಡಲಿಲ್ಲ? ತಾಂಡೂರಿನ ಹಮಾಲರು ಫರ್ಸಿಯನ್ನು ಎಂದೂ ಮಲಗಿಸಿ ಹೇರುವುದಿಲ್ಲ, ಮಲಗಿಸಿದರೆ ದಾರಿಯಲ್ಲಿ ಒಡೆಯುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಆನಿಸಿ, ಎಲ್ಲವನ್ನೂ ಮುಂದಿನ ಹಲಗೆಗೆ ಒರಗಿಸುತ್ತಾರೆ. ಭಾರವೆಲ್ಲ ಮುಂದಕ್ಕೆ. ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಹೋಗುವ ಪ್ರತಿ ಲಾರಿಯಲ್ಲಿ ಹಾಗೆ ಒರಗಿದ ಕಲ್ಲು ನೋಡಿದವನು ನಾನು. ನೋಡಿ ನೋಡಿ ಕಣ್ಣಿಗೆ ಕಾಣದಾಗಿತ್ತು. ತೂಕ ಎಷ್ಟು ಎಂದು ಕಾಂಟಾಕ್ಕೆ ಕೇಳಿದ್ದೆ. ತೂಕ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಟ್ರೇಲರಿನ ತಪ್ಪಿಗೆ ಗಾಡಿಯನ್ನು ಗುಜರಿಗೆ ಕಳಿಸಿದ್ದೆ. ಅದಕ್ಕಿಂತ ಹೆಚ್ಚಾಗಿ, 'ಮುಚ್ಚಿಟ್ಟಿರಿ' ಎಂದು ಆ ಮನುಷ್ಯರಿಗೆ ಹೇಳಿದ್ದೆ.

ಪಿನ್ ಮತ್ತೆ ಹಾಕಿ ಬಂದು ಕೂತೆ. ಅಲ್ಲಿಂದ ವರ್ಕ್‌ಶಾಪು ನಾಲ್ಕು ಮೈಲಿ. ಆ ನಾಲ್ಕು ಮೈಲಿಯಲ್ಲಿ ನನ್ನ ತಲೆಗೆ ಎಂಥ ಎಂಥ ಉಪಾಯ ಬಂದವು ಎಂದು ಹೇಳಲು ನಾಚಿಕೆ. ಬುಷ್ ಬದಲಿಸಿದಂತೆ ನಾಟಕ ಮಾಡಿ, ನನ್ನ ಕೈಗುಣದಿಂದ ಗಾಡಿ ಸರಿಹೋಯಿತು ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನ ಹೆಸರೂ ಉಳಿಯುತ್ತಿತ್ತು. ಮಾತು ಹಿಂದಕ್ಕೆ ತೆಗೆದುಕೊಂಡ ಮಿಸ್ತ್ರಿಯ ಹತ್ತಿರ ನಾಳೆ ಯಾರು ಗಾಡಿ ತರುತ್ತಾರೆ?

ವರ್ಕ್‌ಶಾಪಿನ ಮುಂದೆ ಗುಜರಿಯವನು ಆಗಲೇ ಬಂದು ಕೂತಿದ್ದ. ಜೊತೆಗಿಬ್ಬರು ಆಳುಗಳು, ಕತ್ತರಿಸುವ ಗ್ಯಾಸಿನ ಸಿಲಿಂಡರು. ಬಂದ್ ಎಂದು ಕೆಲಸವಿಲ್ಲದ ಅಕ್ಕಪಕ್ಕದ ಅಂಗಡಿಯವರೂ ಸೇರಿದ್ದರು. ಅಷ್ಟು ಜನರ ನಡುವೆ ಮಾಮಾ ಇಳಿದು, ಯಾರೂ ಹೇಳದೆಯೇ ಡ್ಯಾಶ್‌ಬೋರ್ಡಿನ ಮೇಲಿನ ಬುದ್ಧನನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡರು. ಚಾವಿಯನ್ನು ಸೀಟಿನ ಮೇಲಿಟ್ಟರು.

ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. "ಸಿಲಿಂಡರ್ ಮುಟ್ಟಬ್ಯಾಡ್ರಿ," ಎಂದು ಕೂಗಿದೆ. "ಗಾಡಿದು ಏನೂ ತಪ್ಪಿಲ್ಲ. ತಪ್ಪು ನಂದು. ಕಾರ್ ಉಲ್ಟಾ ಹೇರಿಸಿದಾಂವ ನಾನು. ಇಂಥಾ ಗಾಡಿ ಈ ಮೂರು ಊರಾಗ ಇನ್ನೊಂದಿಲ್ಲ. ಮಾಮಾರಿಗಿ ನಾ ಮುಚ್ಚಿಟ್ರಿ ಅಂದೆ. ಅದೂ ನಂದೇ ತಪ್ಪು." ಪಕ್ಕದ ಪಂಕ್ಚರ್ ಅಂಗಡಿಯವನು ಬಾಯಿ ತೆರೆದುಕೊಂಡು ನಿಂತ. ನನ್ನ ಬಾಯಲ್ಲಿ ಅಂಥ ಮಾತು ಅವನು ಹಿಂದೆಂದೂ ಕೇಳಿರಲಿಲ್ಲ. ಗುಜರಿಯವನು ನನಗೆ ನಾಲ್ಕು ಮಾತು ಅಂದು, ಸಿಲಿಂಡರ್ ಹೊರಿಸಿಕೊಂಡು ಹೋದ. ಅನ್ನಿಸಿಕೊಂಡೆ.

ಆಮೇಲೆ ಮಾಮಾರ ಎದುರು ಹೋಗಿ ನಿಂತೆ. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಗೆದ್ದ ಖುಷಿಯೂ ಇರಲಿಲ್ಲ.

"ನನಗ ಆ ಇಳಿಜಾರಿನಾಗೇ ಗೊತ್ತಾಗಿತ್ರಿ," ಎಂದರು. "ಕೂತ ಸೀಟು ಹಗೂರ ಆತು. ಹಿಂದ ಎತ್ತಲಾಕತ್ತದ ಅಂತ ಕುಂಡಿಗೇ ತಿಳೀತದ್ರಿ."

"ಗೊತ್ತಿತ್ತು ಅಂದ್ರ ಯಾಕ ಹೇಳಲಿಲ್ಲ ಮಾಮಾ? ಗಾಡಿ ಕಡದು ಹಾಕ್ತಿದ್ರಲ್ರಿ!"

"ನೀವು ಕೇಳಲಿಲ್ಲಲ್ರಿ. ಹೇಳಿಬಿಟ್ರಿ," ಎಂದರು. "ಮೂವತ್ತು ವರ್ಷ ಸಾಹೇಬ್ರು ಬಾಜೂಕ ಕೂತು ಹೇಳ್ತಿದ್ರು, ನಾ ನಡಸ್ತಿದ್ದೆ. ಡ್ರೈವರ್ ನಡುವ ಬಾಯಿ ಹಾಕಿದ್ರ ನಡೀತಿದ್ದಿಲ್ಲ. ರೂಢಿ ಆಗಿಬಿಟ್ಟದ."

ಅಂದರೆ ಆ ಮೂವತ್ತು ವರ್ಷದ ಸಾಹೇಬರ ಸಾಲಿಗೆ ನಾನೂ ಸೇರಿಕೊಂಡಿದ್ದೆ, ಗ್ರೀಸಿನ ಕೈ ಹೊತ್ತು. ನಾನು ಹೋಗಿ ಒಂದು ಹಳೇ ಟೈರು ಎಳೆದು ತಂದು ಹಾಕಿ ಅದರ ಮೇಲೆ ಕೂತೆ. ಅವರಿಗೆ ಸ್ಟೂಲು ಕೊಟ್ಟೆ.

"ಈಗ ಕೇಳ್ತೀನ್ರಿ ಮಾಮಾ. ಈ ಗಾಡಿ ಬಗ್ಗಿ ನನಗ ಗೊತ್ತಿಲ್ಲದ್ದು ಏನೇನದ?"

ಅವರು ಮೊದಲು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ರೇಸಿನ ಹೆಣ್ಣುಮಗಳು ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಅದರ ಬೆನ್ನು ತಿರುಗಿಸಿ, ಪೆನ್ನು ಹಿಡಿದು ಕೂತಳು. ಆಗ ಅವರು ಶುರುಮಾಡಿದರು. ನೀರಿನಲ್ಲಿ ಇಳಿದು ಬಂದ ಮೇಲೆ ಎಡ ಹಿಂದಿನ ಬ್ರೇಕು ಮೊದಲ ಮೂರು ಸಲ ಹಿಡಿಯುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದರೆ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಬೇಕು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಒಂದು ಉಸಿರು ಕಾಯಬೇಕು, ಅವಸರ ಮಾಡಿದರೆ ಅದಕ್ಕೆ ಸಿಟ್ಟು. ಹಿಂದೆ ಭಾರವಿದ್ದಾಗ ಎಡ ಕನ್ನಡಿಯನ್ನು ಇಷ್ಟು ಕೆಳಗೆ ಮಾಡಿಕೊಳ್ಳಬೇಕು. ಅವರು ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು, ನಾನು ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಹಾಳೆ ತುಂಬಿತು. ಅವಳು ಎದ್ದು ಅದರ ಹಿಂದಿನ ತಿಂಗಳ ಹಾಳೆಯನ್ನೂ ಹರಿದಳು.

ಹದಿನೈದು ದಿನದ ಮೇಲೆ ಅವಳು ಆ ಗಾಡಿಗೆ ಕಾರು ಕಟ್ಟಿಕೊಂಡು ಚೆನ್ನೈಗೆ ಹೋದಳು, ರೇಸು ಪೂರ್ತಿ ಓಡಿಸಿ ಬಂದಳು. ದಾರಿಯಲ್ಲಿ ಗಾಡಿಗೆ ಸಣ್ಣದೇನೋ ಆದಾಗಲೆಲ್ಲ ಫೋನ್ ಮಾಡುತ್ತಿದ್ದಳಂತೆ. ನನಗಲ್ಲ, ನಾರಾಯಣಖೇಡಕ್ಕೆ.